ಮರಗದತ್ತೆಯ ಬಿಳಿ ನೆಲ

ಹುಳಿ ಬಂದ ಅನ್ನದ ಗಂಜಿಗೆ ಕೊಬ್ಬರಿ ಎಣ್ಣೆ ಬೆರೆತರೆ ಒಂದು ವಾಸನೆ ಬರುತ್ತದೆ. ನೇಕಾರರ ಮನೆಯಲ್ಲಿ ಹುಟ್ಟದವರು ಅದಕ್ಕೆ ಮೂಗು ಮುಚ್ಚಿಕೊಳ್ಳುತ್ತಾರೆ. ಮೊನ್ನೆ ಪೀಳಮೇಡಿನಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಯಾರೋ ಹತ್ತಿ ಸೀರೆಗೆ ಗಂಜಿ ಹಾಕುತ್ತಿದ್ದರು, ಪಕ್ಕದಲ್ಲೇ ಒಬ್ಬ ಮುದುಕಿ ತಲೆಗೆ ಎಣ್ಣೆ ಬಳಿದುಕೊಂಡು ಬಿಸಿಲಿಗೆ ಕೂತಿದ್ದರು. ಎರಡೂ ವಾಸನೆ ಒಟ್ಟಿಗೆ ಬಂದದ್ದೇ ತಡ, ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟೆ. ತಮಿಳು ಸೀಮೆಯ ಕರುಮತ್ತಂಪಟ್ಟಿ ಪಕ್ಕದ ನಮ್ಮ ಮನೆ, ಅದರ ನಡುಮನೆ, ಅಲ್ಲಿ ಮಂಡಿಯೂರಿ ಕೂತು ನೆಲ ಉಜ್ಜುತ್ತಿದ್ದ ಮರಗದತ್ತೆ ಎಲ್ಲ ಎದುರು ಬಂದು ನಿಂತಂತಾಯಿತು. ಮನೆಯೊಂದನ್ನು ಕಳೆದುಕೊಂಡವರು ನೀವಾಗಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ಮರೆತದ್ದನ್ನೂ ಮೂಗು ಮರೆಯುವುದಿಲ್ಲ.

ಮರಗದತ್ತೆ ಅಪ್ಪನ ತಂಗಿ. ಹೆಸರು ತಮಿಳಿನದು, ಮಾತು ನಮ್ಮ ಮನೆಯ ಕನ್ನಡ, ಬೀದಿಗಿಳಿದರೆ ಮತ್ತೆ ತಮಿಳು, ನಮ್ಮವರೆಲ್ಲ ಹಾಗೆಯೇ. ನಡುಮನೆಯಲ್ಲಿ ಅವಳ ಗುಂಡಿ ಮಗ್ಗವಿತ್ತು. ಮಣ್ಣಿನ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಅವಳು ನೇಯುತ್ತಿದ್ದರೆ, ಸೊಂಟದಿಂದ ಮೇಲಕ್ಕೆ ಮಾತ್ರ ಇರುವ ಹೆಂಗಸಿನಂತೆ ಕಾಣುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಅತ್ತೆ ನೆಲದಿಂದಲೇ ಹುಟ್ಟಿದ್ದಾಳೆ ಎಂದು ನಂಬಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಪ್ಪ ಹಿತ್ತಲಿನ ಶೆಡ್ಡಿನಲ್ಲಿ ಪವರ್‌ಲೂಮು ಹಾಕಿದರು. ಕೈ ಸ್ವಲ್ಪ ಆಡುವ ಹಾಗಾದದ್ದೇ ನಡುಮನೆಗೆ ಮಾರ್ಬಲ್ ಹಾಸಬೇಕೆಂಬ ಹುಚ್ಚು ಹಿಡಿಯಿತು. ತಂಗಿಯನ್ನು ನೋಡಲು ಬರುವವರು ಸಗಣಿ ಸಾರಿಸಿದ ನೆಲದ ಮೇಲೆ ಕೂರಬಾರದು ಎಂಬುದು ಅವರ ಆಸೆ. ಆಸೆ ಒಳ್ಳೆಯದೇ. ಆದರೆ ಆ ಕಲ್ಲು ಕೂರಬೇಕಾದರೆ ಮಗ್ಗ ಏಳಬೇಕಿತ್ತು. ಗುಂಡಿಗೆ ಮಣ್ಣು ತುಂಬಿ ದಿಮ್ಮಿಸು ಹಾಕುವಾಗ ಅತ್ತೆ ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಅವತ್ತು ಯಾರಿಗೂ ಬೇಡದಷ್ಟು ಕಾಯಿ ತುರಿದಿಟ್ಟಿದ್ದಳು.

ಕಲ್ಲು ಹಾಸಿದ ಮೇಲೆ ಬೀದಿಗೆ ಬೀದಿಯೇ ನೋಡಲು ಬಂತು. ಅಷ್ಟು ಬಿಳಿಯ ನೆಲವನ್ನು ನಮ್ಮ ಕಡೆ ಯಾರೂ ಮನೆಯೊಳಗೆ ಕಂಡಿರಲಿಲ್ಲ. ಎದುರುಮನೆಯ ತಾತ ಹೊಸ್ತಿಲಲ್ಲೇ ನಿಂತು, ಹಾಲಿನ ಮೇಲೆ ಕಾಲಿಡುವುದು ಹೇಗೆ ಎಂದು ಹಿಂದಕ್ಕೆ ಹೋದರು. ನಾವು ಮಕ್ಕಳು ಸೆಕೆಗೆ ಅಂಗಾತ ಮಲಗಿ ಬೆನ್ನು ತಂಪು ಮಾಡಿಕೊಂಡೆವು. ಆ ಕಲ್ಲನ್ನು ಹೇಗೆ ನೋಡಿಕೊಳ್ಳಬೇಕು ಎಂದು ಮಾತ್ರ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಾಸಿದವರು ಹೇಳಲಿಲ್ಲ, ನಮ್ಮವರು ಕೇಳಲಿಲ್ಲ.

ಆಗ ನೆಗಮದಿಂದ ಸಂಬಂಧ ಬಂತು. ಗಂಡಿನ ಮನೆಯಲ್ಲಿ ಇನ್ನೂ ಕೈಮಗ್ಗವಿದೆ, ಸೊಸೆಯೂ ಕೂತು ನೇಯಬೇಕಾಗುತ್ತದೆ ಎಂದು ಬಂದವರು ಸ್ವಲ್ಪ ಸಂಕೋಚದಿಂದಲೇ ಹೇಳಿದರು. ಅಪ್ಪನ ಮುಖ ಸಣ್ಣಗಾಯಿತು. ಅತ್ತೆ ಬಾಗಿಲ ಹಿಂದಿನಿಂದ ಅದನ್ನು ಕೇಳಿಸಿಕೊಂಡು ಒಳಗೆ ಬಂದು ನನ್ನ ಕೆನ್ನೆ ಹಿಂಡಿದಳು. "ಅಲ್ಲಿ ಗುಂಡಿ ಮಗ್ಗ ಅದಂತೆ ಕಣ್ಣು. ನನ್ ಕಾಲಿಗೆ ಜಾಗ ಸಿಕ್ತು," ಎಂದಳು. ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದಳು. ಹೋದ ಮಗ್ಗ ಆ ಮದುವೆಯಲ್ಲಿ ಹಿಂದಕ್ಕೆ ಬರುವುದಿತ್ತು. ಗಂಡು ಕಪ್ಪೋ ಕೆಂಪೋ ಎಂದು ಅವಳು ಕೇಳಲೇ ಇಲ್ಲ.

ಅವರು ಹೆಣ್ಣು ನೋಡಲು ಬರುವ ಹಿಂದಿನ ದಿನ ನೆಲ ಮಂಕಾಗಿದೆ ಎಂದು ಅಜ್ಜಿಗೆ ಅನ್ನಿಸಿತು. ಮಗ್ಗಕ್ಕೇರಿಸುವ ಉದ್ದದ ನೂಲನ್ನು ನಮ್ಮವರು ಪಾವು ಎನ್ನುತ್ತಿದ್ದರು. ಅದಕ್ಕೆ ಗಂಜಿ ಬಳಿದು, ಕೊನೆಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ ಕುಂಚದಿಂದ ಎಳೆದರೆ ನೂಲು ಮಿರಿಮಿರಿ ಮಿಂಚುತ್ತದೆ. ಅಜ್ಜಿಯ ಆಯುಸ್ಸೆಲ್ಲ ಅದರಲ್ಲೇ ಕಳೆದಿತ್ತು. "ಪಾವಿಗೆ ಆಕ್ದಂಗೆ ಇದ್ಕೂ ಆಕು. ನೂಲೇ ಮಿನುಗ್ತದಂತೆ, ಕಲ್ ಮಿನುಗಲ್ವಾ?" ಎಂದರು. ಅತ್ತೆ ಸಂಜೆಯವರೆಗೂ ಆ ದೊಡ್ಡ ಕುಂಚ ಹಿಡಿದು ತೆಳ್ಳನೆಯ ಗಂಜಿ, ಅದರ ಮೇಲೆ ಎಣ್ಣೆ ಬಳಿದು, ಹಳೆಯ ಪಂಚೆಯಲ್ಲಿ ಉಜ್ಜಿದಳು. ಸುಳ್ಳು ಹೇಳಬಾರದು, ಅಷ್ಟು ಚೆಂದದ ನೆಲವನ್ನು ನಾನು ಮತ್ತೆ ನೋಡಿಲ್ಲ. ತೊಲೆಗಳು, ದೀಪ, ಅತ್ತೆಯ ನಗು ಎಲ್ಲ ಅದರೊಳಗೆ ಕಾಣುತ್ತಿತ್ತು.

ಬೆಳಿಗ್ಗೆ ಅವರು ಬಂದರು. ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಪದ್ಧತಿ. ಅವ್ವ ತುಂಬಿದ ಚೊಂಬು ಕೊಟ್ಟಳು. ಗಂಡಿನ ತಾಯಿ ಕಾಲು ತೊಳೆದು, ಒದ್ದೆ ಪಾದದಲ್ಲೇ, ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದರು. ಆ ಬಲಗಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರು ಬಿದ್ದ ಸದ್ದಿಗಿಂತ ಬಳೆ ಒಡೆದ ಸದ್ದು ನನಗೆ ಹೆಚ್ಚು ನೆನಪಿದೆ. ಊರಿದ ಕೈ ಮುರಿದಿತ್ತು. ನೋವಿಗೆ ಅಳುತ್ತಲೇ ಅವರು, "ನೀರ್ ಕೊಟ್ಟು ಒಳಕ್ಕೆ ಕರ್ದು ಬೀಳ್ಸಿದ್ರಲ್ಲ! ಕಾಲಿಡ್ತಲೇ ಬಳೆ ಒಡೀತು. ಈ ಮನೆ ಎಣ್ಣು ಬ್ಯಾಡ, ವೇಂಡಾಂ," ಎಂದರು. ಅತ್ತೆ ಒಳಗಡೆ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖವನ್ನೂ ನೋಡದೆ ಅವರು ಕಾರು ಹತ್ತಿದರು.

ಊರ ಬಾಯಿಗೆ ಮುಚ್ಚಳವಿಲ್ಲ. ನಮ್ಮ ಜನ ಮಗ್ಗದ ಲಾಳಿಗಿಂತ ಜೋರಾಗಿ ಸುದ್ದಿ ಓಡಿಸುವವರು. ಬೀಗಿತ್ತಿ ಜಾರಿಬಿದ್ದ ಮನೆ ಎಂಬ ಹೆಸರು ಬಂದ ಮೇಲೆ ಇನ್ನೊಂದು ಸಂಬಂಧ ನಮ್ಮ ಬೀದಿಗೆ ತಿರುಗಲಿಲ್ಲ. ಸಾಲದ್ದಕ್ಕೆ ಎಣ್ಣೆ ಕಲ್ಲಿನೊಳಕ್ಕೆ ಇಳಿದು, ಬಿಳಿಯ ನೆಲ ದಿನೇ ದಿನೇ ಹಳದಿಗಟ್ಟಿತು. ಅತ್ತೆ ಅರಪ್ಪು ಪುಡಿ ಹಾಕಿ ತಿಕ್ಕಿದಳು, ತಲೆಯ ಎಣ್ಣೆಯನ್ನೇ ತೆಗೆಯುವ ಸೊಪ್ಪು ಅದು. ಮೇಲಿನ ಜಿಡ್ಡು ಹೋಯಿತು, ಒಳಗಿನ ಕರೆ ಹೋಗಲಿಲ್ಲ. ಕೊನೆಗೆ, ಸೀರೆಗೆ ಎಣ್ಣೆ ಬಿದ್ದರೆ ಮಾಡುವುದನ್ನೇ ಮಾಡಿದಳು. ಸೀಮೆಸುಣ್ಣ ಅರೆದು, ನೀರಲ್ಲಿ ಕಲಸಿ, ಚಪ್ಪಡಿಯ ಮೇಲೆ ದಪ್ಪಗೆ ಮೆತ್ತಿ, ಒಣಗಿದ ಮೇಲೆ ಕೆರೆದು ತೆಗೆಯುವುದು. ಸುಣ್ಣ ಎಳ್ಳಷ್ಟು ಎಣ್ಣೆ ಹೀರುತ್ತಿತ್ತು. ಮತ್ತೆ ಮೆತ್ತುವುದು, ಮತ್ತೆ ಕೆರೆಯುವುದು. ಒಂದು ಚಪ್ಪಡಿ ಬೆಳ್ಳಗಾಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಾಕು ಬಿಡಮ್ಮ ಎಂದು ಅಪ್ಪ ಹೇಳಿದರೆ ಅವಳು ತಲೆಯೆತ್ತದೆ, "ಕರೆ ಓದ್ರೆ ಮಾತೂ ಓಗ್ತದೆ ಅಣ್ಣ," ಎನ್ನುತ್ತಿದ್ದಳು. ನೆಗಮದ ಗಂಡಿಗೆ ಬೇರೆ ಕಡೆ ಮದುವೆಯಾದದ್ದು ಅವಳಿಗೂ ಗೊತ್ತಿತ್ತು. ಆದರೂ ಬೇರೆ ಯಾರೋ ಬರುತ್ತಾರೆ, ನೆಲ ಬಿಳಿಯಾದ ದಿನ ಬರುತ್ತಾರೆ ಎಂದು ಅವಳು ನಂಬಿದ್ದಳು. ಆ ನಂಬಿಕೆಯನ್ನು ಕೆರೆದು ತೆಗೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ವರ್ಷಗಳು ಹಾಗೆ ಹೋದವು. ಬಾಗಿಲ ಬಳಿಯ ಚಪ್ಪಡಿ, ಆ ತಾಯಿ ಬಿದ್ದ ಜಾಗ, ಎಲ್ಲಕ್ಕಿಂತ ಕಡೆಗೆ ಬೆಳ್ಳಗಾಯಿತು. ನಾನಾಗ ಹತ್ತನೇ ತರಗತಿ. ಅತ್ತೆ ಅದರ ಮೇಲೆ ಅಂಗೈ ಆಡಿಸಿ, "ನೋಡು ಕಣ್ಣು, ಓಯ್ತು. ಇನ್ ಯಾರ್ ಬಂದ್ರೂ ಜಾರಲ್ಲ," ಎಂದಳು. ಸುಣ್ಣ ತಿಂದ ಅವಳ ಬೆರಳ ತುದಿಗಳು ಬಿರುಕುಬಿಟ್ಟಿದ್ದವು. ಆಮೇಲೆ ಸಂಜೆಹೊತ್ತು ತಲೆ ಬಾಚಿ ಹೂ ಮುಡಿದು ಬಾಗಿಲಲ್ಲಿ ಕೂರತೊಡಗಿದಳು. ಯಾರೂ ಬರಲಿಲ್ಲ. ಆ ಮಳೆಗಾಲದಲ್ಲಿ ಕಾಮಾಲೆ ಬಂತು. ಕಲ್ಲಿನಿಂದ ಅವಳು ತೆಗೆದ ಹಳದಿಯೆಲ್ಲ ಅವಳ ಕಣ್ಣಿಗೇ ಬಂದು ಸೇರಿತೇನೋ ಎಂದು ಅವ್ವ ಅತ್ತಳು. ಉಸಿರು ನಿಂತ ಮೇಲೆ ಅತ್ತೆಯನ್ನು ಅದೇ ನೆಲದ ಮೇಲೆ ಮಲಗಿಸಿದೆವು.

ಸೂತಕ ಕಳೆಯುವ ದಿನ ಮನೆ ತೊಳೆಯಲು ನೆಂಟರ ಹೆಂಗಸರು ಬಂದರು. ಮೊಸಾಯಿಕ್ ನೆಲ ತೊಳೆದು ರೂಢಿಯಿದ್ದವರು, ಅಂಗಡಿಯಿಂದ ಆಸಿಡ್ ಬಾಟಲಿ ತರಿಸಿ ಸುರಿದರು. ಕಲ್ಲು ಸುಯ್ಯೆಂದು ಹಾಲಿನಂತೆ ನೊರೆಯುಕ್ಕಿತು. "ನೋಡಿ, ಎಂಗ್ ಕೊಳೆ ಬತ್ತಾ ಅದೆ!" ಎಂದು ಒಬ್ಬರು ಖುಷಿಯಿಂದ ಇನ್ನಷ್ಟು ಸುರಿದರು. ನೊರೆ ಇಳಿದ ಮೇಲೆ ನೋಡಿದರೆ, ಹೊಳಪು ಎಂಬುದು ಎಲ್ಲೂ ಇರಲಿಲ್ಲ. ನೆಲವೆಲ್ಲ ಉಪ್ಪು ಚೆಲ್ಲಿದಂತೆ ತರಿತರಿ. ಅತ್ತೆಯ ಅಷ್ಟು ವರ್ಷಗಳು ಬಚ್ಚಲಿಗೆ ಹರಿದು ಹೋಗಿದ್ದವು.

ಎಲ್ಲರೂ ಹೋದ ಮೇಲೆ ಅಜ್ಜಿ ಕೋಣೆಯಿಂದ ಬಂದರು. ಗಂಡಿನ ತಾಯಿ ಬಿದ್ದ ಆ ಬೆಳಿಗ್ಗೆಯ ನಂತರ ಅವರು ನಡುಮನೆಯಲ್ಲಿ ಗೋಡೆ ಹಿಡಿಯದೆ ನಡೆದವರಲ್ಲ. ಒಂದು ಹೆಜ್ಜೆ ಇಟ್ಟರು, ಪಾದವನ್ನು ನೆಲಕ್ಕೆ ತಿಕ್ಕಿ ನೋಡಿದರು, ಗೋಡೆಯಿಂದ ಕೈ ತೆಗೆದರು. ನಡುಮನೆಯ ಮಧ್ಯಕ್ಕೆ, ಮಗ್ಗದ ಗುಂಡಿಯಿದ್ದ ಜಾಗಕ್ಕೆ ನಡೆದು ಬಂದು ಕುಸಿದು ಕೂತು, ಮಗಳ ಹೆಸರು ಹಿಡಿದು ಕೂಗಿ ಅತ್ತರು. ಆ ಮನೆ ಈಗಿಲ್ಲ, ಕೆಡವಿ ಮಗ್ಗದ ಶೆಡ್ಡು ಮಾಡಿದ್ದಾರೆ. ಕೆಡವುವವರೆಗೂ ಆ ನೆಲದ ಮೇಲೆ ಎಷ್ಟೋ ಜನ ಒದ್ದೆ ಕಾಲಲ್ಲಿ ಓಡಾಡಿದರು. ಒಬ್ಬರೂ ಜಾರಲಿಲ್ಲ.