ಬಿಳಿಯಾಗಿ ಉಳಿಯಬೇಕಿದ್ದ ಏಳು ಕೌಂಟಿಗಳು

2015ರ ಫೆಬ್ರುವರಿಯ ಒಂದು ಶನಿವಾರ ಬೆಳಿಗ್ಗೆ ಲಂಡನ್ನಿನ ಎಜ್‌ವೇರ್‌ನಿಂದ ಹೊರಟೆ. ವಿಮಾನ ನಿಲ್ದಾಣದ ಪಕ್ಕದ ಹೌನ್ಸ್ಲೋಗೆ ಟ್ಯೂಬ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ನಾರ್ದರ್ನ್ ಲೈನಿನ ತುದಿಯಿಂದ ಊರ ನಡುವಿಗೆ ಬಂದು, ಲೈನ್ ಬದಲಿಸಿ, ಮತ್ತೆ ಪಶ್ಚಿಮಕ್ಕೆ ಹೋಗಬೇಕು. ನಾನು ಇಳಿದುಕೊಂಡಿದ್ದು ಚಿಕ್ಕಪ್ಪನ ಮಗ ಸದಾಶಿವಣ್ಣನ ಫ್ಲ್ಯಾಟಿನಲ್ಲಿ. ಲಂಡನ್ನಿಗೆ ಬಂದವರು ಅರಮನೆ ನೋಡುತ್ತಾರೆ, ನೀನು ವಿಮಾನದ ಗದ್ದಲ ಕೇಳಲು ಹೋಗುತ್ತೀಯಲ್ಲ ಎಂದು ಅವನು ಛೇಡಿಸಿದ. ಅತ್ತಿಗೆ ಡಬ್ಬಿ ತುಂಬ ಬನ್ಸ್ ಕಟ್ಟಿಕೊಟ್ಟರು. ನನ್ನ ಚೀಲದಲ್ಲಿ ಒಂದು ಕಾಗದವೂ ಇದ್ದದ್ದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ಪ್ರಯಾಣದ ಓಯ್ಸ್ಟರ್ ಕಾರ್ಡಿಗೆ ಹತ್ತು ಪೌಂಡ್ ತುಂಬಿಸಿ ರೈಲು ಹತ್ತಿದೆ. ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಬೀಳುತ್ತಿತ್ತು. ಎದುರಿನ ಸೀಟಿನವರೆಲ್ಲ ಮೊಬೈಲಿನಲ್ಲಿ ಮುಳುಗಿದ್ದರು. ಹೇಳಬೇಕಾದದ್ದನ್ನು ನಾನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ.

ನಾನು ನೋಡಲು ಹೊರಟಿದ್ದು ವಿಲ್ಫ್ರೆಡ್‌ನನ್ನು. ಇಪ್ಪತ್ತೈದು ವರ್ಷಗಳ ಹಿಂದೆ ಊರಿನ ವಿಶ್ವವಿದ್ಯಾಲಯದಲ್ಲಿ ಅವನು ಮತ್ತು ನಾನು ಒಬ್ಬರೇ ಗೈಡ್ ಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆವು. ವಿಷಯ 1824ರ ಅಮೆರಿಕದ ಅಧ್ಯಕ್ಷ ಚುನಾವಣೆ. ನಾಲ್ವರು ಅಭ್ಯರ್ಥಿಗಳಲ್ಲಿ ಯಾವ ಕೌಂಟಿ, ಅಂದರೆ ನಮ್ಮ ತಾಲೂಕಿನಂಥ ಭಾಗ, ಯಾರ ಕಡೆ ಹೋಯಿತು ಎಂದು ಮೈಕ್ರೋಫಿಲ್ಮ್ ನೋಡಿ ಎಣಿಸುವುದು, ನಕಾಶೆಯಲ್ಲಿ ಪೆನ್ಸಿಲಿನಿಂದ ಬಣ್ಣ ತುಂಬುವುದು. ದಾಖಲೆ ಕಳೆದುಹೋದ ಕೌಂಟಿಯನ್ನು ಬಿಳಿಯಾಗಿಯೇ ಬಿಡಬೇಕೆಂಬುದು ನಿಯಮ. ನದಿಯ ದಂಡೆಯ ಏಳು ಕೌಂಟಿಗಳು ನನ್ನ ಪಾಲಿಗೆ ಬಂದಿದ್ದವು, ಏಳೂ ಬಿಳಿ. ಮರುದಿನ ಸೆಮಿನಾರು. ನಕಾಶೆ ಇಲಿ ಕಚ್ಚಿದ ಹಾಗೆ ಕಾಣುತ್ತದೆ ಎಂದು ಗೈಡ್ ಗೊಣಗಿದರು. ನಾನು ಅಕ್ಕಪಕ್ಕದ ಕೌಂಟಿಗಳ ಬಣ್ಣವನ್ನೇ ಅವಕ್ಕೂ ತುಂಬಿಬಿಟ್ಟೆ.

ಅದನ್ನು ನೋಡಿ ಗೈಡ್ ಕುಣಿದಾಡಿದರು. ನದಿಗುಂಟ ಜನ ನೆರೆಯವರು ಹಾಕಿದ ಕಡೆಗೇ ಮತ ಹಾಕಿದ್ದಾರೆ ಎಂಬುದು ಅವರ ದೊಡ್ಡ ಸಿದ್ಧಾಂತವಾಯಿತು. ಆರು ತಿಂಗಳ ನಂತರ ವಿಲ್ಫ್ರೆಡ್ ಒಂದು ಹಳೆಯ ಪತ್ರಿಕೆಯಲ್ಲಿ ಆ ಏಳು ಕೌಂಟಿಗಳ ಲೆಕ್ಕ ಕಂಡುಹಿಡಿದ. ಅವು ನೆರೆಯವರಿಗೆ ತದ್ವಿರುದ್ಧವಾಗಿ ಮತ ಹಾಕಿದ್ದವು. ತಪ್ಪು ಎಣಿಸಿದ್ದಾನೆ ಎಂದು ಗೈಡ್ ಅವನ ಪ್ರಬಂಧವನ್ನು ತಿರಸ್ಕರಿಸಿದರು. ನಿನ್ನ ಬಣ್ಣಕ್ಕೆ ದಾಖಲೆ ಇದೆಯೇ ಎಂದು ಅವರು ನನ್ನನ್ನು ಕೇಳಿದಾಗ ಇದೆ ಎಂದೆ. ನನಗೆ ಉಡುಪಿಯಲ್ಲಿ ಲೆಕ್ಚರರ್ ಕೆಲಸ ಸಿಕ್ಕಿತು. ಅವನು ಊರು ಬಿಟ್ಟ.

ಹೌನ್ಸ್ಲೋ ಸೆಂಟ್ರಲ್‌ನಲ್ಲಿ ಇಳಿದಾಗ ವಿಮಾನವೊಂದು ಮನೆಗಳ ಮಾಡಿಗೆ ತಾಗುವಷ್ಟು ಕೆಳಗೆ ಹಾದುಹೋಯಿತು. ವಿಲ್ಫ್ರೆಡ್ ಏರ್‌ಪೋರ್ಟಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ತಲೆ ಪೂರ್ತಿ ನೆರೆತಿತ್ತು. ಬಾ ಮಾರಾಯ್ತಿ ಎಂದು ಒಳಗೆ ಕರೆದ, ಮೀನು ಸಾರು ಮಾಡಿದ್ದ. ಹದಿನೇಳರ ಮಗಳು ರೀಟಾಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಡಿಸಿದ ತಟ್ಟೆಯನ್ನು ನಾನು ಪಕ್ಕಕ್ಕೆ ಸರಿಸಿದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತು ಕಾಗದವನ್ನೇ ಅವನ ಮುಂದಿಟ್ಟೆ. ವಿಶ್ವವಿದ್ಯಾಲಯಕ್ಕೆ ಬರೆದ ತಪ್ಪೊಪ್ಪಿಗೆ ಅದು.

ಅವನು ಓದಿದ. ಮತ್ತೊಮ್ಮೆ ಓದಿದ. ಮೂರನೆಯ ಸಲ ಬೆರಳಿಟ್ಟು ಓದಿದ.

"ನಾನೇ ತಪ್ಪು ಎಣಿಸಿದ್ದು ಅಂತ ನಂಬಿಬಿಟ್ಟಿದ್ದೆ, ಶಾರದಾ," ಎಂದ. "ನೋಟ್ಸೆಲ್ಲ ಸುಟ್ಟು ಹಾಕಿದೆ. ಈಗಲೂ ಗೋದಾಮಿನಲ್ಲಿ ಪೆಟ್ಟಿಗೆ ಮೂರು ಮೂರು ಸಲ ಎಣಿಸ್ತೇನೆ. ನನ್ನ ಕಣ್ಣಿನ ಮೇಲೆ ನಂಗೇ ಧೈರ್ಯ ಇಲ್ಲ."

ನಿಮಗೆ ಇದು ಯಾವಾಗ ಗೊತ್ತಾಯಿತು ಎಂದು ರೀಟಾ ಇಂಗ್ಲಿಷಿನಲ್ಲಿ ಕೇಳಿದಳು. ಮೊದಲ ದಿನದಿಂದಲೂ ಗೊತ್ತಿತ್ತು ಎಂದೆ. ಅವಳು ನನ್ನ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

"ಕಾಗದ ಕಳಿಸಿದ್ದೀಯಾ?" ಎಂದು ವಿಲ್ಫ್ರೆಡ್ ಕೇಳಿದ.

ಇಲ್ಲ, ಮೊದಲು ನಿನ್ನನ್ನು ಕೇಳೋಣ ಎಂದುಕೊಂಡೆ ಎಂದೆ.

"ನಾನು ಬೇಡ ಅಂದ್ರೆ ಕಳಿಸುದಿಲ್ವಾ?"

ಆಗಿದ್ದು ಆಗಿಹೋಯಿತು, ಬಿಡು ಎಂದು ಅವನು ಹೇಳಲಿ ಎಂಬ ಆಸೆಯಿಂದಲೇ ಇಷ್ಟು ದೂರ ಬಂದಿದ್ದೆ. ಗೈಡ್ ತೀರಿಕೊಂಡಿದ್ದರು. ನನಗೆ ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿದ್ದವು. ಈ ಕಾಗದ ತಲುಪಿದರೆ ನನ್ನ ಪದವಿ, ಕೆಲಸ ಎರಡೂ ಉಳಿಯುವುದು ಕಷ್ಟ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟು, ಆಂಟಿಯನ್ನು ಪೋಸ್ಟ್ ಆಫೀಸಿನವರೆಗೆ ಬಿಟ್ಟು ಬಾ ಎಂದು ಅವನು ಮಗಳಿಗೆ ಹೇಳಿದ. ಬಂದವರನ್ನು ಬಸ್ ಸ್ಟಾಪಿನವರೆಗೆ ಕಳಿಸಿಕೊಟ್ಟು ಬರುವುದು ನಮ್ಮ ಕಡೆಯ ರೂಢಿ. ಅವನು ಮಾತ್ರ ಬಾಗಿಲಿಗೂ ಬರಲಿಲ್ಲ.

ದಾರಿಯುದ್ದಕ್ಕೂ ರೀಟಾ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಅಂಗಡಿಯೊಂದರ ಒಳಗಿದ್ದ ಅಂಚೆ ಕೌಂಟರಿನಲ್ಲಿ ನಾನು ವಿಳಾಸ ಬರೆಯುವಾಗ ಪಕ್ಕದಲ್ಲೇ ನಿಂತಿದ್ದಳು. ಲಕೋಟೆ ಗಾಜಿನ ಆಚೆಗೆ ಹೋಯಿತು. ರಸೀದಿಯನ್ನು ಪರ್ಸಿಗೆ ಹಾಕಲು ಹೊರಟಾಗ ಅವಳು ಕೈ ಚಾಚಿದಳು. "ಅಪ್ಪನಿಗೆ ಬೇಕು," ಎಂದಳು, ಆ ದಿನ ಮೊದಲ ಸಲ ಕನ್ನಡದಲ್ಲಿ. ಕೊಟ್ಟೆ. ಅವಳು ಅದರ ಮೇಲಿನ ವಿಶ್ವವಿದ್ಯಾಲಯದ ಹೆಸರು, ಊರು ಎಲ್ಲ ಓದಿ ನೋಡಿ, ಜೇಬಿಗೆ ಹಾಕಿಕೊಂಡು ಮನೆಯ ಕಡೆ ನಡೆದಳು.