ದಕ್ಕೆಯ ಕಡೆಗೆ ವಾಲಿದ ಹಡಗು

ಅಜ್ಜಿ ಹೇಳಿದ್ದನ್ನು ನಾನು ನಂಬಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಂಬದಿದ್ದರೆ ಹೋಗಲಿ, ಎಲ್ಲರೆದುರು ಗೇಲಿಯನ್ನೂ ಮಾಡಿದ್ದೆ.

ಅವಳಿಗೆ ಹತ್ತು ವರ್ಷವಿದ್ದಾಗ ಅವಳ ಅಣ್ಣ ನರಸಿಂಹ ಸೈನ್ಯಕ್ಕೆ ಸೇರಿ ಮುಂಬಯಿಯಿಂದ ಹಡಗು ಹತ್ತಿದನಂತೆ. ಅದು ಎರಡನೇ ಮಹಾಯುದ್ಧದ ಕಾಲ. ಬೀಳ್ಕೊಡಲು ಮನೆಯವರೊಂದಿಗೆ ಅವಳೂ ಬಂದರಿಗೆ, ಹಡಗು ತಾಗಿ ನಿಲ್ಲುವ ದಕ್ಕೆಯ ಕಟ್ಟೆಗೆ ಹೋಗಿದ್ದಳಂತೆ. ದಕ್ಕೆಯ ಮೇಲೆ ನಿಂತ ತಮ್ಮವರನ್ನು ನೋಡಲು ಸಿಪಾಯಿಗಳೆಲ್ಲ ಒಂದೇ ಬದಿಯ ಕಟಾಂಜನಕ್ಕೆ ಬಂದು ಮುತ್ತಿದರಂತೆ. "ಅಷ್ಟು ದೊಡ್ಡ ಹಡಗು ನಮ್ಮ ಬದಿಗೇ ವಾಲ್ತು ತಮಾ" ಎಂದು ಅಜ್ಜಿ ಹೇಳುತ್ತಿದ್ದಳು. ನರಸಿಂಹ ಮರಳಲಿಲ್ಲ. ಎಲ್ಲಿ ಏನಾದ ಎಂಬ ಕಾಗದವೂ ಬರಲಿಲ್ಲ. ಹಡಗಿನ ವಿನ್ಯಾಸ ಓದುತ್ತಿದ್ದ ನಾನು ಒಂದು ಹಬ್ಬದ ಊಟದಲ್ಲಿ, "ಅಜ್ಜಿ, ಅಷ್ಟು ದೊಡ್ಡ ಹಡಗು ವಾಲಿದ್ದು ಕಣ್ಣಿಗೆ ಕಾಣೂದಿಲ್ಲ. ನೀನು ಅಳ್ತಾ ಇದ್ದೆ, ಅದಕ್ಕೇ ಹಂಗೆ ಕಂಡದೆ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಆಮೇಲೆ ಅವಳು ಆ ಕತೆಯನ್ನು ನನ್ನೆದುರು ಹೇಳಲೇ ಇಲ್ಲ.

ಮುಂದೆ ನನಗೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, ಹಡಗುಗಳು ನೀರಿನಲ್ಲಿ ಎಷ್ಟು ಸ್ಥಿರವಾಗಿ ನಿಲ್ಲುತ್ತವೆಂದು ಪರೀಕ್ಷಿಸುವ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಎರಡು ಸಾವಿರದ ದಶಕದ ನಡುವಿನ ಮಾತು. ಮೊದಲ ಆರು ತಿಂಗಳು ಪ್ರಯೋಗದ ನೌಕರಿ. ಕೆಲಸ ಹೋದರೆ ಆ ದೇಶದಲ್ಲಿರುವ ಪರ್ಮಿಟ್ಟೂ ಹೋದಂತೆ. ಐದನೇ ತಿಂಗಳ ಕೊನೆಯಲ್ಲಿ, ನನ್ನೊಬ್ಬನ ಸಹಿಯೇ ಬೀಳಬೇಕಾದ ಮೊದಲ ಹಡಗನ್ನು ಒಪ್ಪಿಸಿದರು. ಇದನ್ನು ಕೆಡಿಸಿದರೆ ಗಂಟುಮೂಟೆ ಕಟ್ಟಬೇಕು ಎಂಬುದು ನನಗೂ ಗೊತ್ತಿತ್ತು, ಮನೆಯಲ್ಲಿ ಹೆಂಡತಿಗೂ ಗೊತ್ತಿತ್ತು.

ಅದು ಐವತ್ತರ ದಶಕದಲ್ಲಿ ಬೇರೊಂದು ದೇಶದಲ್ಲಿ ಕಟ್ಟಿದ, ಜನವನ್ನೂ ಸರಕನ್ನೂ ಒಯ್ಯುವ ಹಡಗು. ಕಟ್ಟುವಾಗ ಅಲ್ಲಿನ ಸರ್ಕಾರ ಹಣ ಕೊಟ್ಟು ಒಂದು ಷರತ್ತು ಹಾಕಿತ್ತು: ಯುದ್ಧ ಬಂದರೆ ಇದು ಸೈನಿಕರನ್ನು ಸಾಗಿಸಬೇಕು. ಹಾಗಾಗಿ ಅದಕ್ಕೆ ಎರಡು ನಕ್ಷೆಗಳು. ಶಾಂತಿಕಾಲದ ಹಾಳೆಯಲ್ಲಿ ತೊಂಬತ್ತು ಪ್ರಯಾಣಿಕರು, ಊಟದ ಸಾಲೆ, ಸಂಗೀತದ ಕೋಣೆ. ಯುದ್ಧಕಾಲದ ಹಾಳೆಯಲ್ಲಿ ಅವೆಲ್ಲ ಮಾಯ. ಕೋಣೆಗಳ ಗೋಡೆಗಳನ್ನು ಬೆಸುಗೆ ಹಾಕದೆ ಬೋಲ್ಟಿನಲ್ಲೇ ನಿಲ್ಲಿಸಿದ್ದರು, ಒಂದು ದಿನದಲ್ಲಿ ಬಿಚ್ಚಬಹುದಿತ್ತು. ಮೆಟ್ಟಿಲುಗಳು ಬೆನ್ನುಚೀಲ ಹೊತ್ತ ಇಬ್ಬರು ಅಕ್ಕಪಕ್ಕ ಇಳಿಯುವಷ್ಟು ಅಗಲ. ಸರಕಿನ ಕೋಣೆಯ ಚಾವಣಿಗೆ, ಹತ್ತಾರು ಪದರ ಬಣ್ಣದ ಅಡಿಯಲ್ಲಿ, ಜೋಲಿ ಕಟ್ಟುವ ಕೊಕ್ಕೆಗಳು ಸಾಲುಸಾಲಾಗಿದ್ದವು. ಆದರೆ ಕರೆ ಬರಲೇ ಇಲ್ಲ. ಐವತ್ತು ವರ್ಷ ಆ ಹಡಗು ಪ್ರವಾಸಿಗರನ್ನೂ ಕಾಫಿ ಮೂಟೆಗಳನ್ನೂ ಹೊತ್ತಿತು. ಒಬ್ಬನೇ ಒಬ್ಬ ಸಿಪಾಯಿ ಅದನ್ನು ಹತ್ತಿರಲಿಲ್ಲ. ದಾಖಲೆಗಳನ್ನೆಲ್ಲ ನಾನೇ ಓದಿದ್ದೇನೆ.

ಪರೀಕ್ಷೆ ಸರಳವಾದದ್ದು. ಹಡಗನ್ನು ಖಾಲಿ ಮಾಡಿ, ಹಗ್ಗ ಸಡಿಲಿಸಿ, ಕಬ್ಬಿಣದ ದಿಮ್ಮಿಗಳನ್ನು ಕ್ರೇನಿನಿಂದ ಒಂದು ಬದಿಯಿಂದ ಇನ್ನೊಂದು ಬದಿಗೆ ಇಡುತ್ತಾರೆ. ಎಷ್ಟು ವಾಲಿತೆಂದು ಒಳಗೆ ಅಳೆಯುತ್ತಾರೆ. ಅಳೆಯುವ ಸಾಧನ, ಗಾರೆಯವರು ಗೋಡೆ ನೋಡಲು ಇಳಿಬಿಡುವ ತೂಗುಗುಂಡಿನಂಥದ್ದೇ. ಮೂರು ಮೀಟರ್ ತಂತಿ, ತುದಿಯ ಗುಂಡು ಎಣ್ಣೆಯ ತೊಟ್ಟಿಯಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ. ಹಡಗಿನಲ್ಲಿರುವವರು ಹೇಳಿದ ಜಾಗ ಬಿಟ್ಟು ಕದಲುವಂತಿಲ್ಲ.

ಅಂದು ನವೆಂಬರಿನ ಬೆಳಗ್ಗೆ ಹತ್ತು ಗಂಟೆ. ಮಂಜು ಕವಿದಿತ್ತು, ಗಾಳಿ ಎಳ್ಳಷ್ಟೂ ಇರಲಿಲ್ಲ. ನಡುವಿನ ತಂತಿಯ ಬಳಿ ನಾನು, ಹಿಂಬದಿಯ ತಂತಿಯ ಬಳಿ ವಿಲ್ಫ್ರೆಡ್. ಅವರು ಉಡುಪಿ ಕಡೆಯವರು, ನನಗಿಂತ ಹಿರಿಯರು. ನಮ್ಮ ಕನ್ನಡಿಗರ ನಡುವೆ ಬೆಂಗಳೂರಿನ ಕನ್ನಡವನ್ನೇ ಜೋಪಾನವಾಗಿ ಆಡುವವರು. ಹಗ್ಗಗಳನ್ನು ನೋಡಿಕೊಳ್ಳಲು ದಕ್ಕೆಯ ಮೇಲೆ ಬೆಂಗ್ಟ್ ಎಂಬ ಹಳೆಯ ಕೆಲಸಗಾರ ನಿಂತಿದ್ದ. ಹಡಗಿನ ಮೇಲೆ ನಾವಿಬ್ಬರೇ.

ನಾಲ್ಕು ಅಳತೆಗಳು ಸರಿಯಾಗಿ ಬಂದವು. ಐದನೆಯದಕ್ಕೆ ಇನ್ನೂ ಕ್ರೇನು ಕದಲಿರಲಿಲ್ಲ. ಆಗ ನನ್ನ ಕಣ್ಣೆದುರೇ ತಂತಿ ತಾನಾಗಿ ಹೊರಟಿತು. ನಿಧಾನವಾಗಿ, ದಕ್ಕೆಯ ಕಡೆಗೆ. ಹತ್ತು ಮಿಲಿಮೀಟರ್, ಇಪ್ಪತ್ತು, ನಲವತ್ತು. ವಾಕಿಟಾಕಿಯಲ್ಲಿ ವಿಲ್ಫ್ರೆಡ್ ಅವರ ದನಿ ಕೇಳಿತು. "ನನ್ನದು ಹೋಗ್ತಾ ಉಂಟು ಮಾರಾಯ್ರೆ! ನಿಮ್ಮದು?" ಅವರ ಬಾಯಲ್ಲಿ 'ಉಂಟು' ನಾನು ಕೇಳಿದ್ದು ಅದೇ ಮೊದಲು.

ಎಪ್ಪತ್ತೆಂಟಕ್ಕೆ ಬಂದು ನಿಂತಿತು. ಹೆಜ್ಜೆ ಸಪ್ಪಳವಿಲ್ಲ, ಮಾತಿಲ್ಲ, ಕಬ್ಬಿಣ ಕಿರುಗುಟ್ಟಿದ್ದೂ ಇಲ್ಲ. ಹೆದರಿಕೆಯಾಗಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ದೊಡ್ಡದೊಂದು ಜಾತ್ರೆಯ ನಡುವೆ ಕಣ್ಣುಮುಚ್ಚಿ ನಿಂತಂತೆ, ಸುತ್ತ ಯಾರೋ ತುಂಬಿದ್ದಾರೆ ಅನ್ನಿಸಿತು. ಯಾಕೋ ಕೈ ಮುಗಿಯಬೇಕೆನಿಸಿತು. ಆದರೆ ಕೈಯಲ್ಲಿ ಪೆನ್ಸಿಲ್ಲಿತ್ತು, ಬರೆದುಕೊಳ್ಳುತ್ತ ನಿಂತೆ.

ನಾಲ್ಕು ನಿಮಿಷದ ನಂತರ ತಂತಿ ಹಿಂದಿರುಗತೊಡಗಿತು, ಒಮ್ಮೆಗೇ ಅಲ್ಲ. ಸ್ವಲ್ಪ ಬಂದು ನಿಲ್ಲುವುದು, ಮತ್ತೆ ಸ್ವಲ್ಪ. ಕೊನೆಯ ಒಂದು ಮಿಲಿಮೀಟರ್ ಮಾತ್ರ ತುಂಬ ಹೊತ್ತು ಉಳಿಯಿತು. ಅದೂ ಹೋಯಿತು.

ಮೇಲೆ ಓಡಿದೆ. ಡೆಕ್ ಖಾಲಿ. ಕೆಳಗೆ ದಕ್ಕೆಯ ಮೇಲೆ ಬೆಂಗ್ಟ್ ಬಲಗೈಯನ್ನು ತಲೆಯ ಮೇಲಕ್ಕೆತ್ತಿ ನಿಂತಿದ್ದ. ನನ್ನನ್ನು ಕಂಡು ನಾಚಿ ಇಳಿಸಿದ. ಕಟಾಂಜನ ತನ್ನ ಕಡೆಗೆ ಒಂದು ಗೇಣು ಇಳಿದದ್ದನ್ನು ಬರಿಗಣ್ಣಿನಲ್ಲಿ ನೋಡಿದೆನೆಂದ. ಕೈ ಯಾವಾಗ ಎತ್ತಿದೆನೋ, ಯಾಕೆ ಎತ್ತಿದೆನೋ ತನಗೇ ಗೊತ್ತಿಲ್ಲ ಎಂದ. ನಾನು ಅವನ ಮುಖ ನೋಡಲಾರದೆ ನಿಂತೆ. ಅಜ್ಜಿ ನಿಂತಿದ್ದೂ ಹಾಗೇ, ದಕ್ಕೆಯ ಮೇಲೆಯೇ.

ಫೀಕಾ, ಅಂದರೆ ಅಲ್ಲಿನವರ ಕಾಫಿ ಬಿಡುವಿನ ಹೊತ್ತಿಗೆ, ಕಪ್ಪು ಆರುತ್ತಿದ್ದರೂ ಕುಡಿಯದೆ, ಲೆಕ್ಕ ಹಾಕಿದೆ. ಅಷ್ಟು ವಾಲಲು ಆ ಬದಿಯ ಕಟಾಂಜನದ ಬಳಿ ತೊಂಬತ್ತು ಟನ್ ಭಾರ ಬೇಕು. ನಮ್ಮ ನಿಯಮದಲ್ಲಿ ಒಬ್ಬ ಮನುಷ್ಯನಿಗೆ ಎಪ್ಪತ್ತೈದು ಕಿಲೋ. ವಿಲ್ಫ್ರೆಡ್ ಭಾಗಿಸಿ ನೋಡಿದರು, ಸಾವಿರದ ಇನ್ನೂರು. ಯುದ್ಧಕಾಲದ ಹಾಳೆ ಬಿಡಿಸಿದೆವು. ಮೂಲೆಯಲ್ಲಿ ಹಳೆಯ ಅಚ್ಚುಕಟ್ಟಾದ ಅಕ್ಷರದಲ್ಲಿ, ಸೈನಿಕರು ಎಂಬುದರ ಮುಂದೆ ಅದೇ ಸಂಖ್ಯೆ. ವಿಲ್ಫ್ರೆಡ್ ಶಿಲುಬೆಯ ಗುರುತು ಮಾಡಿಕೊಂಡು, "ಇದನ್ನೆಲ್ಲ ರಿಪೋರ್ಟಲ್ಲಿ ಹಾಕ್ಬೇಡಿ" ಎಂದರಷ್ಟೆ.

ಮಧ್ಯಾಹ್ನ ಮತ್ತೆ ಅಳೆದೆವು. ಎಲ್ಲ ಸರಿಯಾಗಿತ್ತು. ವರದಿಯಲ್ಲಿ, ಗಾಳಿಯಿಂದಾಗಿ ಪರೀಕ್ಷೆಗೆ ಸ್ವಲ್ಪ ಹೊತ್ತು ಅಡಚಣೆಯಾಯಿತು ಎಂದು ಬರೆದು ಸಹಿ ಹಾಕಿದೆ. ಕೆಲಸ ಉಳಿಯಿತು. ಇರದ ಗಾಳಿಗೆ ಹಾಕಿದ ಆ ಸಹಿ ಈಗಲೂ ನನ್ನನ್ನು ಚುಚ್ಚುತ್ತದೆ.

ಆ ಭಾನುವಾರ ಕಾಲಿಂಗ್ ಕಾರ್ಡ್ ತಂದು, ಹುಬ್ಬಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದ ಅಜ್ಜಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. "ಹಡಗು ವಾಲ್ತದೆ ಅಜ್ಜಿ. ಕಣ್ಣಿಗೂ ಕಾಣ್ತದೆ. ನಂದು ತಪ್ಪಾಯ್ತು" ಎಂದೆ. 'ನಾನು ಹೇಳಲಿಲ್ಲವಾ' ಎಂದು ಅವಳು ಹಂಗಿಸಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ತಮಾ, ಅವ್ರು ಹೊರಟವ್ರಾ, ತಿರುಗಿ ಬಂದವ್ರಾ?"

ಹೊರಡುವಾಗಲೂ ಜನ ದಕ್ಕೆಯ ಕಡೆಯ ಕಟಾಂಜನಕ್ಕೇ ಬರುತ್ತಾರೆ, ಊರು ಮುಟ್ಟುವಾಗಲೂ ಅಲ್ಲಿಗೇ. ಬಂದವರು ಎನ್ನಬೇಕೆಂದು ಬಾಯಿಗೆ ಬಂದಿತ್ತು. ಆದರೆ ಅದೇ ವಾರ ಒಂದು ಸುಳ್ಳು ಬರೆದಿದ್ದೆ, ಅವಳಿಗೆ ಇನ್ನೊಂದು ಹೇಳಲಾಗಲಿಲ್ಲ. ಗೊತ್ತಿಲ್ಲ ಅಜ್ಜಿ ಎಂದೆ.

ಅವಳು ಈಗಿಲ್ಲ. ಎಷ್ಟು ವಾಲಿತು, ಎಷ್ಟು ಹೊತ್ತು ವಾಲಿತು ಎಂಬುದು ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಲ್ಲಿದೆ. ಅವಳು ಕೇಳಿದ್ದಕ್ಕೆ ಉತ್ತರ ಅದರಲ್ಲಿಲ್ಲ.