ಅತ್ತೆ ತಟ್ಟಿ ನೋಡಿದ ಕಾರು

ಎರಡು ವರ್ಷದ ಹಿಂದೆ, ಗಣಪತಿ ಹಬ್ಬ ಹತ್ತಿರವಾಗುತ್ತಿದ್ದಾಗ ನಾವು ಮೊದಲ ಕಾರು ಕೊಳ್ಳಲು ಹೊರಟೆವು. ಉಡುಪಿ ಕಡೆಯವರಾದ ನಮಗೆ ಡೊಂಬಿವಲಿ ಸ್ಟೇಷನ್ ಬಳಿ ಸಣ್ಣ ಹೋಟೆಲಿದೆ. ಗಂಡನಿಗೆ ಗಲ್ಲಾ ಬಿಟ್ಟು ಏಳಲು ಪುರುಸೊತ್ತಿಲ್ಲ, ಡ್ರೈವಿಂಗ್ ಕಲಿತವಳು ನಾನು. ಹಾಗಾಗಿ ಕಾರು ಆರಿಸುವ ಕೆಲಸ ನನ್ನ ಮತ್ತು ಕಾಲೇಜಿಗೆ ಹೋಗುವ ಮಗಳು ಶ್ರಾವ್ಯಾಳ ಪಾಲಿಗೆ ಬಂತು. ಯಾರೂ ಕರೆಯದಿದ್ದರೂ ನನ್ನ ಅತ್ತೆ ಸೀರೆ ಉಟ್ಟು ತಯಾರಾಗಿದ್ದರು.

ಅತ್ತೆ ಯಾವ ವಸ್ತುವನ್ನೂ ತಟ್ಟದೆ ಕೊಂಡವರಲ್ಲ. ಹೋಟೆಲಿನ ಸಾಂಬಾರು ಪಾತ್ರೆ, ಹಲಸು, ತೆಂಗಿನಕಾಯಿ, ಎಲ್ಲಕ್ಕೂ ಬೆರಳ ಗೆಣ್ಣಿನದೇ ಪರೀಕ್ಷೆ. ಠಾಣೆಯ ಶೋರೂಮಿನಲ್ಲೂ ಸಾಲಾಗಿ ನಿಂತ ಕಾರುಗಳ ಬಾನೆಟ್ಟು, ಬಾಗಿಲು ತಟ್ಟುತ್ತಾ, ಕಿವಿಗೊಡುತ್ತಾ ನಡೆದರು. ಸೇಲ್ಸ್ ಹುಡುಗಿ ನನ್ನ ಮುಖ ನೋಡಿದಳು, ನಾನು ಸೀಲಿಂಗ್ ನೋಡಿದೆ.

"ಇದು ಗಟ್ಟಿ ಉಂಟು. ಬಾಗಿಲು ಹಾಕಿದ್ರೆ ತಿಜೋರಿ ಹಾಕಿದ ಹಾಗೆ ಕೇಳ್ತದೆ," ಎಂದು ಒಂದನ್ನು ಆರಿಸಿದರು. ಮಗಳು ಮೆಚ್ಚಿದ ಕಾರನ್ನು ತಟ್ಟಿ, "ಇದೆಂಥದು? ಬರೀ ಪತ್ರಾ ಡಬ್ಬಿ, ತೆಳು ತಗಡು," ಎಂದರು.

ಶ್ರಾವ್ಯಾಳಿಗೆ ಮನೆಯ ಕನ್ನಡ ಅರ್ಥವಾದರೂ ಉತ್ತರ ಕೊಡುವುದು ಹಿಂದಿಯಲ್ಲೇ. "ಆಜಿ, ಆವಾಜ್ ಪೇ ಮತ್ ಜಾವೋ. ಯೇ ದೇಖೋ," ಸದ್ದನ್ನು ನಂಬಬೇಡ, ಇದು ನೋಡು ಎಂದು ಮೊಬೈಲಿನಲ್ಲಿ ಕ್ರ್ಯಾಶ್ ಟೆಸ್ಟ್ ತೋರಿಸಿದಳು. ಅಜ್ಜಿಯ ತಿಜೋರಿ ಡಿಕ್ಕಿ ಹೊಡೆದಾಗ ಬಾಗಿಲ ಕಂಬವೇ ಬಾಗಿ ಒಳಗೆ ಮನುಷ್ಯರ ಬದಲು ಕೂರಿಸಿದ್ದ ಬೊಂಬೆಯ ಮೇಲೆ ಬಂತು. ಮೊಮ್ಮಗಳ ಡಬ್ಬಿಯ ಮೂತಿ ಪೂರ್ತಿ ಮುದ್ದೆಯಾಯಿತು, ಆದರೆ ಬೊಂಬೆ ಕೂತ ಜಾಗ ಇದ್ದ ಹಾಗೇ ಇತ್ತು. ನಾನು ಸುರಕ್ಷತೆಗೆ ಐದು ಸ್ಟಾರ್ ಪಡೆದ ಆ ಡಬ್ಬಿಯನ್ನೇ ಬುಕ್ ಮಾಡಿದೆ.

"ಮುದ್ದೆಯಾಗುವ ಗಾಡಿಗೆ ಯಾರಾದ್ರೂ ದುಡ್ಡು ಕೊಡ್ತಾರಾ ಮಾರಾಯ್ತಿ?" ಎಂದ ಅತ್ತೆ ಲೋಕಲ್ ಟ್ರೇನಿನಲ್ಲಿ ಮನೆ ಮುಟ್ಟುವ ತನಕ ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತರು.

ಕಾರು ಬಂದ ಮೇಲೆ ಪೂಜೆಗೆಂದು ಮೂವರೂ ಟಿಟ್ವಾಳಾ ಗಣಪತಿಗೆ ಹೋದೆವು. ಹಿಂದಿನ ಸೀಟಿನಲ್ಲಿ ಕೂತ ಅತ್ತೆ, "ಸೀರೆ ಮುದುಡ್ತದೆ, ಬೆಲ್ಟ್ ಬೇಡ," ಎಂದು ಹಟ ಹಿಡಿದರು. ಮಗಳು ಇಳಿದು ಹೋಗಿ ತಾನೇ ಹಾಕಿದಳು. ದೇವರೆದುರು ಅತ್ತೆ ಕೈಮುಗಿದು, "ಈ ಡಬ್ಬಿಯನ್ನು ನೀನೇ ಕಾಪಾಡಬೇಕು," ಎಂದು ನನಗೆ ಕೇಳುವ ಹಾಗೇ ಬೇಡಿಕೊಂಡರು.

ವಾಪಸು ಬರುವಾಗ ಕಲ್ಯಾಣದ ಹತ್ತಿರ ಬಟ್ಟೆಯ ಬೇಲುಗಳನ್ನು ಹೇರಿಕೊಂಡ ಟೆಂಪೋ ಒಂದು ರಾಂಗ್ ಸೈಡಿನಲ್ಲಿ ನೇರ ನಮ್ಮೆದುರಿಗೆ ಬಂತು. ಬ್ರೇಕ್ ಒತ್ತಿದ್ದು ನೆನಪಿದೆ. ಆಮೇಲೆ ದೊಡ್ಡ ಸದ್ದು, ಮುಖಕ್ಕೆ ಏರ್‌ಬ್ಯಾಗು, ಕಣ್ಣ ತುಂಬ ಬಿಳಿ ಪುಡಿ. ಹಿಂದೆ ತಿರುಗಿ ನೋಡಲು ನನಗೆ ಧೈರ್ಯವೇ ಬರಲಿಲ್ಲ. ಅತ್ತೆಗೆ ಏನಾದರೂ ಆಗಿದ್ದರೆ ಜೀವಮಾನವಿಡೀ ನನ್ನನ್ನು ನಾನೇ ಕ್ಷಮಿಸುತ್ತಿರಲಿಲ್ಲ.

"ಪ್ರಸಾದ ಚೆಲ್ಲಿತು ಕಾಣು," ಎಂಬ ದನಿ ಹಿಂದಿನಿಂದ ಬಂತು. ಹೋದ ಜೀವ ಬಂದಂತಾಯಿತು.

ನಾಲ್ಕೂ ಬಾಗಿಲು ಸಲೀಸಾಗಿ ತೆರೆದುಕೊಂಡವು. ಮಗಳ ಕೈ ತರಚಿತ್ತು, ಅತ್ತೆಯ ಭುಜದ ಮೇಲೆ ಬೆಲ್ಟಿನ ಗುರುತು ಮೂಡಿತ್ತು, ಅಷ್ಟೇ. ಟೆಂಪೋದವನಿಗೂ ಏನೂ ಆಗಿರಲಿಲ್ಲ. ಅತ್ತೆ ಮುದ್ದೆಯಾದ ಬಾನೆಟ್ಟನ್ನು ನೋಡಿದರು, ಇನ್ನು ಬೈಗುಳ ಶುರು ಎಂದು ನಾನು ಕಾದೆ. ಅವರು ನಿಧಾನವಾಗಿ ಹಿಂದೆ ಬಂದು ಬಾಗಿಲು ತೆರೆದರು, ಹಾಕಿದರು, ಮತ್ತೆ ತೆರೆದರು.

"ಸಿಪ್ಪೆ ಇದ್ದ ತೆಂಗಿನಕಾಯಿ ಮರದಿಂದ ಬಿದ್ರೂ ಒಳಗೆ ಒಡೆಯುದಿಲ್ಲ," ಎಂದರು. "ನಾನು ಶೋರೂಮಲ್ಲಿ ತಟ್ಟಿದ್ದು ಬರೀ ಸಿಪ್ಪೆಯನ್ನು."

ನಡುರಸ್ತೆಯಲ್ಲಿ ಮೂವರೂ ತಬ್ಬಿಕೊಂಡು ಅತ್ತೆವು, ಆಮೇಲೆ ನಗು ತಡೆಯಲಾಗಲಿಲ್ಲ. ಸೇರಿದ ಜನ ನಮಗೆ ತಲೆಗೇ ಪೆಟ್ಟಾಗಿದೆ ಎಂದುಕೊಂಡು ನೀರು ತಂದುಕೊಟ್ಟರು.

ರಿಪೇರಿಯಾಗಿ ಬಂದ ಅದೇ ಡಬ್ಬಿಯಲ್ಲಿ ಈಗಲೂ ಓಡಾಡುತ್ತೇವೆ. ನಮ್ಮ ಬಿಲ್ಡಿಂಗಿನಲ್ಲಿ ಯಾರು ಕಾರು ಕೊಳ್ಳಲು ಹೊರಟರೂ ಅತ್ತೆ ಬಾಲ್ಕನಿಯಿಂದಲೇ, "ಸ್ಟಾರ್ ಎಷ್ಟು ಉಂಟು, ಕೇಳಿದ್ರಾ?" ಎನ್ನುತ್ತಾರೆ. ನಾನು ಮಾತ್ರ ಕೀಲಿ ತಿರುಗಿಸುವ ಮೊದಲು ಸುಮ್ಮನೆ ಕೂತು, ಹಿಂದಿನ ಸೀಟಿನಿಂದ ಅತ್ತೆಯ ಬೆಲ್ಟಿನ 'ಟಕ್' ಸದ್ದು ಬರುವುದನ್ನೇ ಕಾಯುತ್ತೇನೆ. ಗಾಡಿ ಗಟ್ಟಿಯೋ ಎಂದು ಸದ್ದಿನಲ್ಲೇ ತಿಳಿಯಬೇಕು ಎನ್ನುತ್ತಿದ್ದ ಅತ್ತೆಯ ಮಾತನ್ನು ಅಷ್ಟರ ಮಟ್ಟಿಗೆ ನಾನೂ ಒಪ್ಪಿದ್ದೇನೆ.